ಆವರಣ ಚಿಹ್ನೆಯೊಳಗಿನ ವೈದ್ಯ: ಸಹ್ವಾರೊ ಕಳ್ಳಿಗೆ ಹೆಸರು ಬಂದ ಬಗೆ

ಸಸ್ಯಶಾಸ್ತ್ರದ ಪಟ್ಟಿಗಳಲ್ಲಿ ಅರಿಜೋನಾದ ದೈತ್ಯ ಕಳ್ಳಿಯ ಪೂರ್ಣ ಹೆಸರು ಹೀಗಿರುತ್ತದೆ: ಕಾರ್ನೆಗಿಯಾ ಜಿಗಾಂಟಿಯಾ (ಎಂಗೆಲ್ಮನ್) ಬ್ರಿಟನ್ ಮತ್ತು ರೋಸ್. ಮೊದಲ ಸಲ ಓದಿದಾಗ ನನ್ನ ಕಣ್ಣು ನಿಂತದ್ದು ಆ ಆವರಣ ಚಿಹ್ನೆಯ ಮೇಲೆ. ಬ್ರಿಟನ್ ಮತ್ತು ರೋಸ್ ಹೊರಗಿದ್ದಾರೆ, ಎಂಗೆಲ್ಮನ್ ಒಬ್ಬ ಮಾತ್ರ ಒಳಗೆ ಕುಳಿತಿದ್ದಾನೆ. ಇದು ಮುದ್ರಣದ ಅಲಂಕಾರವಾಗಿರಲಾರದು ಎನಿಸಿತು. ಹುಡುಕಿಕೊಂಡು ಹೋದಾಗ ಆ ಎರಡು ಬಾಗಿದ ಗೆರೆಗಳ ನಡುವೆ 60 ವರ್ಷಗಳ ಕತೆಯೇ ಇತ್ತು. ಒಂದು ಗಿಡವನ್ನು ಅದರ ಹೆಸರಿನ ಮೂಲಕ ಅರ್ಥ ಮಾಡಿಕೊಳ್ಳಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಗಿಡವನ್ನು ನೀವು ನೋಡಿಯೇ ಇರುತ್ತೀರಿ. ಮೊಬೈಲಿನ ಚಿತ್ರಸಂಕೇತಗಳಲ್ಲಿ ಕಳ್ಳಿ ಎಂದರೆ ಇದೇ: ನೆಟ್ಟಗೆ ನಿಂತ ಹಸಿರು ಕಂಬ, ಎರಡು ಬದಿಗೆ ಮೇಲೆತ್ತಿದ ತೋಳು. ಸ್ಪ್ಯಾನಿಷ್ ಮೂಲಕ ಬಂದ ಹೆಸರು ಸಹ್ವಾರೊ. ಇದು ಬೆಳೆಯುವುದು ಸೊನೋರಾ ಮರುಭೂಮಿಯಲ್ಲಿ ಮಾತ್ರ, ಅಂದರೆ ಅಮೆರಿಕದ ಅರಿಜೋನಾ, ಮೆಕ್ಸಿಕೋದ ಸೊನೋರಾ ರಾಜ್ಯ, ಕ್ಯಾಲಿಫೋರ್ನಿಯಾದ ಅಂಚಿನ ಸ್ವಲ್ಪ ಜಾಗ. 12ರಿಂದ 15 ಮೀಟರ್ ಎತ್ತರಕ್ಕೆ ಬೆಳೆಯುತ್ತದೆ. ಮೊದಲ ಹೂವಿಗೆ ಸುಮಾರು 35 ವರ್ಷ ಬೇಕು. ಮೊದಲ ತೋಳು ಮೂಡಲು 50ರಿಂದ 75 ವರ್ಷ, ಮಳೆ ತೀರಾ ಕಡಿಮೆ ಇರುವ ಕಡೆ ಇನ್ನೂ ಹೆಚ್ಚು. ಆಯಸ್ಸು 150ರಿಂದ 200 ವರ್ಷ.

ಮುಂದೆ ಹೋಗುವ ಮೊದಲು ನಮ್ಮ 'ಕಳ್ಳಿ' ಎಂಬ ಪದದ ಬಗ್ಗೆ ಒಂದು ಮಾತು ಹೇಳಲೇಬೇಕು, ಏಕೆಂದರೆ ವರ್ಗೀಕರಣದ ತೊಡಕು ಅಲ್ಲೇ ಶುರುವಾಗುತ್ತದೆ. ಹೊಲದ ಬೇಲಿಯಲ್ಲಿ ನಿಲ್ಲುವ ಚದುರಗಳ್ಳಿಯನ್ನು ಗೀರಿದರೆ ಬಿಳಿ ಹಾಲು ಬರುತ್ತದೆ. ಪಾಪಾಸುಕಳ್ಳಿಯನ್ನು ಕತ್ತರಿಸಿದರೆ ಲೋಳೆ ನೀರು. ಮೊದಲನೆಯದು ಯೂಫೋರ್ಬಿಯಾ, ಹರಳು ಗಿಡದ ಕುಟುಂಬಕ್ಕೆ ಸೇರಿದ್ದು, ಈ ನೆಲದ್ದೇ. ಎರಡನೆಯದು ನಿಜವಾದ ಕ್ಯಾಕ್ಟಸ್ ಕುಟುಂಬದ್ದು, ಅಮೆರಿಕ ಖಂಡಗಳಿಂದ ಬಂದದ್ದು. ನೀರಿಲ್ಲದ ಬದುಕು ಎರಡಕ್ಕೂ ಒಂದೇ ರೂಪ ಕೊಟ್ಟಿತು: ಉಬ್ಬಿದ ಹಸಿರು ಕಾಂಡ, ಎಲೆಯ ಜಾಗದಲ್ಲಿ ಮುಳ್ಳು. ಕನ್ನಡ ಆ ರೂಪವನ್ನು ನೋಡಿ ಒಂದೇ ಹೆಸರು ಕೊಟ್ಟಿತು. ಹೊಲದಲ್ಲಿ ಕೆಲಸ ಮಾಡುವವನಿಗೆ ಅದು ಸಾಕು, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ರಕ್ತಸಂಬಂಧ ಕೇಳಿದರೆ ಉತ್ತರ ಬೇರೆಯೇ. ಪಾಪಾಸುಕಳ್ಳಿಗೆ ಚದುರಗಳ್ಳಿಗಿಂತ ಹತ್ತಿರದ ನೆಂಟರು ನಮ್ಮ ಗೋಣಿಸೊಪ್ಪು ಮತ್ತು ಬಸಳೆ. ಸಾರಿಗೆ ಹಾಕುವ ಬಸಳೆಯ ದಪ್ಪ ರಸಭರಿತ ಎಲೆಯನ್ನು ಮುರಿಯುವಾಗ ಇದನ್ನು ನೆನೆದರೆ ಅಷ್ಟೇನೂ ವಿಚಿತ್ರವೆನಿಸುವುದಿಲ್ಲ. ನಿಜವಾದ ಕ್ಯಾಕ್ಟಸನ್ನು ಗುರುತಿಸಲು ಒಂದು ಗುರುತು ಸಾಕು: ಅದರ ಮುಳ್ಳುಗಳು ಕಾಂಡದ ಮೇಲೆ ಎಲ್ಲೆಂದರಲ್ಲಿ ಹುಟ್ಟುವುದಿಲ್ಲ. ಅರಿಯೋಲ್ ಎಂಬ ಪುಟ್ಟ ನಯವಾದ ಮೆತ್ತೆಯಿಂದ ಗೊಂಚಲಾಗಿ ಹೊರಡುತ್ತವೆ. ಹೂವೂ ಅಲ್ಲಿಂದಲೇ.

ಕಂಡ ರೂಪಕ್ಕೆ ಹೆಸರು ಕೊಡುವುದೋ, ಸಂಬಂಧಕ್ಕೆ ಹೆಸರು ಕೊಡುವುದೋ? ಸಹ್ವಾರೊದ ಹೆಸರಿನ ಇತಿಹಾಸವೆಲ್ಲ ಈ ಪ್ರಶ್ನೆಯ ಸುತ್ತಲೇ ತಿರುಗುತ್ತದೆ.

1753ರಲ್ಲಿ ಸ್ವೀಡನ್ನಿನ ಲಿನಿಯಸ್ ತನಗೆ ತಿಳಿದಿದ್ದ 22 ಬಗೆಯ ಮುಳ್ಳುಗಿಡಗಳನ್ನು ಒಂದೇ ಕುಲಕ್ಕೆ, ಅಂದರೆ ಕುಟುಂಬದೊಳಗಿನ ಒಂದು ಗುಂಪಿಗೆ, ಹಾಕಿ 'ಕ್ಯಾಕ್ಟಸ್' ಎಂದು ಕರೆದ. ಅದು ಗ್ರೀಕರು ತಮ್ಮ ಒಂದು ಮುಳ್ಳುಗಿಡಕ್ಕೆ ಇಟ್ಟಿದ್ದ ಹಳೆಯ ಹೆಸರು, ಅಮೆರಿಕದ ಗಿಡಗಳಿಗೂ ಅದಕ್ಕೂ ಸಂಬಂಧವಿಲ್ಲ. ಮರುವರ್ಷವೇ ಇಂಗ್ಲೆಂಡಿನ ತೋಟಗಾರ ಫಿಲಿಪ್ ಮಿಲ್ಲರ್ ಅದನ್ನು ಒಡೆದ. ಚಪ್ಪಟೆ ಹಲಗೆಯಂತಹವು ಒಪುನ್ಶಿಯಾ, ಕಂಬದಂತಹವು ಸೆರಿಯಸ್. ಸೆರಿಯಸ್ ಎಂದರೆ ಲ್ಯಾಟಿನ್ನಿನಲ್ಲಿ ಮೇಣದ ಬತ್ತಿ. ಹೆಸರು ಚಂದ, ಆದರೆ ಅದು ಪೂರ್ತಿ ಆಕಾರದ ಮೇಲೆ ನಿಂತದ್ದು. ಮುಂದಿನ ನೂರೈವತ್ತು ವರ್ಷ ಉದ್ದಗೆ, ಗೆರೆಗೆರೆಯಾಗಿ ಕಂಡ ಕಳ್ಳಿಯೆಲ್ಲ ಆ ಉಗ್ರಾಣ ಸೇರಿತು. ಲಿನಿಯಸನ ಕುಲಕ್ಕೆ ಆದದ್ದು ಇನ್ನೂ ಆಶ್ಚರ್ಯಕರ. ಅದರಲ್ಲಿದ್ದ ಕೆಲವು ಗುಂಡು ಕಳ್ಳಿಗಳಿಗೆ ಆಗಲೇ ಬಳಕೆಯಲ್ಲಿದ್ದ ಮ್ಯಾಮಿಲೇರಿಯಾ ಎಂಬ ಹೆಸರನ್ನು ಉಳಿಸಿಕೊಳ್ಳುವುದಕ್ಕಾಗಿ 1905ರ ವಿಯೆನ್ನಾ ಸಸ್ಯಶಾಸ್ತ್ರ ಸಮ್ಮೇಳನ 'ಕ್ಯಾಕ್ಟಸ್' ಎಂಬ ಕುಲನಾಮವನ್ನೇ ಬದಿಗಿಟ್ಟಿತು. ಹಾಗಾಗಿ ಇಂದು ಕ್ಯಾಕ್ಟಸ್ ಕುಟುಂಬದಲ್ಲಿ ಸುಮಾರು 1,800 ಪ್ರಭೇದಗಳಿವೆ, ಆದರೆ ಕ್ಯಾಕ್ಟಸ್ ಎಂಬ ಕುಲವಿಲ್ಲ.

ಈಗ ನಮ್ಮ ದೈತ್ಯನ ಕಡೆಗೆ. 1846, ಅಮೆರಿಕ ಮತ್ತು ಮೆಕ್ಸಿಕೋ ನಡುವೆ ಯುದ್ಧ. ಜನರಲ್ ಕಾರ್ನಿಯ ಸೇನೆ ಹಿಲಾ ನದಿಯ ದಡ ಹಿಡಿದು ಕ್ಯಾಲಿಫೋರ್ನಿಯಾದ ಕಡೆಗೆ ನಡೆಯುತ್ತಿತ್ತು. ಜೊತೆಯಲ್ಲಿ ನಕ್ಷೆ ತಯಾರಿಸುವ ತಂಡದ ಮುಖ್ಯಸ್ಥನಾಗಿ ವಿಲಿಯಂ ಎಮೊರಿ ಎಂಬ ಲೆಫ್ಟಿನೆಂಟ್ ಇದ್ದ. ದಾರಿಯುದ್ದಕ್ಕೂ ಅಕ್ಷಾಂಶ ಅಳೆಯುತ್ತ, ಗಿಡಗಳನ್ನು ಕೂಡಿಹಾಕುತ್ತ ಹೋದ. ಬೆಟ್ಟದ ಇಳಿಜಾರಿನಲ್ಲಿ ನಿಂತಿದ್ದ ಈ ಕಂಬಗಳನ್ನು ತಂಡದ ಚಿತ್ರಕಾರ ಜಾನ್ ಮಿಕ್ಸ್ ಸ್ಟ್ಯಾನ್ಲಿ ಬಿಡಿಸಿದ. ಹದಿನೈದು ಮೀಟರಿನ ಕಳ್ಳಿಯನ್ನು ಒಣಗಿಸಿ ಕಾಗದದ ನಡುವೆ ಇಟ್ಟು ತರುವುದು ಹೇಗೆ? ಕಳ್ಳಿಗಳ ವರ್ಗೀಕರಣ ಇಷ್ಟು ಕಾಲ ಗೊಂದಲದಲ್ಲಿ ಉಳಿಯಲು ಇದೂ ಒಂದು ಕಾರಣ. ಬೇರೆ ಗಿಡಗಳ ಒಣ ಮಾದರಿ ಸಂಗ್ರಹಾಲಯದಲ್ಲಿ ಸಿಗುತ್ತದೆ, ಕಳ್ಳಿಯದು ಸಿಗುವುದು ತುಂಡು ತುಂಡಾಗಿ.

ಎಮೊರಿ ತಂದ ಬೇರೆ ಗಿಡಗಳನ್ನು ಸಸ್ಯಶಾಸ್ತ್ರಜ್ಞ ಜಾನ್ ಟೋರಿ ಪರೀಕ್ಷಿಸಿದ. ಕಳ್ಳಿಗಳು ಹೋದದ್ದು ಸೇಂಟ್ ಲೂಯಿಸ್ ನಗರಕ್ಕೆ, ಜಾರ್ಜ್ ಎಂಗೆಲ್ಮನ್ ಎಂಬ ವೈದ್ಯನ ಬಳಿಗೆ. ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ ಹುಟ್ಟಿ, ಅಮೆರಿಕದ ಪಶ್ಚಿಮದ ಬಾಗಿಲಿನಂತಿದ್ದ ಆ ನಗರದಲ್ಲಿ ನೆಲೆಸಿದವನು. ರೋಗಿಗಳನ್ನು ನೋಡಿ ಉಳಿದ ಹೊತ್ತಿನಲ್ಲಿ ಗಿಡಗಳು. ಪಶ್ಚಿಮಕ್ಕೆ ಹೋಗಿಬಂದ ಸೈನಿಕರು, ಅಳತೆಗಾರರು, ಸಂಗ್ರಹಕಾರರು ತಂದ ಮುಳ್ಳಿನ ಪೊಟ್ಟಣಗಳು ಇವನ ಮೇಜಿಗೆ ಬಂದು ಬೀಳುತ್ತಿದ್ದವು. ಸಹ್ವಾರೊದ ಎದುರು ನಿಲ್ಲುವ ಅವಕಾಶ ಅವನಿಗೆ ಇನ್ನೂ ಸಿಕ್ಕಿರಲಿಲ್ಲ. ಬಂದ ವಿವರ, ಚಿತ್ರಗಳನ್ನೇ ನಂಬಿ ಹೆಸರಿಟ್ಟ: ಸೆರಿಯಸ್ ಜಿಗಾಂಟಿಯಸ್, ದೈತ್ಯ ಮೇಣದ ಬತ್ತಿ. ಎಮೊರಿಯ ಸೇನಾ ವರದಿಗೆ ಅನುಬಂಧವಾಗಿ 1848ರಲ್ಲಿ ಅದು ಅಚ್ಚಾಯಿತು. ಮುಂದೆ ಹೆಚ್ಚಿನ ಮಾದರಿಗಳು ಸಿಕ್ಕಾಗ 1852ರಲ್ಲಿ ಅದೇ ಗಿಡದ ಬಗ್ಗೆ ಮತ್ತೆ ಬರೆದ. ತಾನು ಕಡಿಮೆ ನೋಡಿದ್ದೇನೆ ಎಂದು ಅರಿತು ಮತ್ತೆ ಮರಳಿ ನೋಡಿದ ಈ ಮನುಷ್ಯನ ಮೇಲೆ ನನಗೆ ಗೌರವವಿದೆ.

ಇಲ್ಲಿ ಹೆಸರಿನ ಎರಡು ಭಾಗಗಳ ಕೆಲಸವನ್ನು ಬಿಡಿಸಿ ಹೇಳಬೇಕು. ಕನ್ನಡಿಗರಿಗೆ ಇದು ಸುಲಭವಾಗಿ ಅರ್ಥವಾಗುವ ವ್ಯವಸ್ಥೆ. ನಮ್ಮಲ್ಲಿ ಊರಿನ ಹೆಸರು, ತಂದೆಯ ಹೆಸರು ಮೊದಲಿಗೆ ಬರುತ್ತವೆ, ಕರೆಯುವ ಹೆಸರು ಕೊನೆಗೆ. ಸಸ್ಯದ ಹೆಸರೂ ಹಾಗೆಯೇ. ಮೊದಲ ಪದ ಕುಲ, ಎಂದರೆ 'ಇದು ಯಾರ ಮನೆಯದು' ಎಂಬ ಉತ್ತರ. ಎರಡನೆಯ ಪದ ಪ್ರಭೇದದ ಸ್ವಂತ ಗುರುತು. ಮಗು ದತ್ತು ಹೋದರೆ ಇನಿಶಿಯಲ್ ಬದಲಾಗುತ್ತದೆ, ಕರೆಯುವ ಹೆಸರು ಜೊತೆಯಲ್ಲೇ ಹೋಗುತ್ತದೆ. ಕಳ್ಳಿಯನ್ನು ಒಂದು ಕುಲದಿಂದ ಇನ್ನೊಂದಕ್ಕೆ ವರ್ಗಾಯಿಸಿದರೂ ನಿಯಮ ಇದೇ: ಮೊದಲು ಇಟ್ಟ ಎರಡನೆಯ ಪದವನ್ನು ಕಳೆಯುವಂತಿಲ್ಲ. ಆ ಪದ ಇಟ್ಟವನ ಹೆಸರು ಆವರಣ ಚಿಹ್ನೆಯೊಳಗೆ ಹೋಗುತ್ತದೆ, ವರ್ಗಾಯಿಸಿದವರ ಹೆಸರು ಹೊರಗೆ ಬರುತ್ತದೆ. ಎಂಗೆಲ್ಮನ್ ಒಳಗೆ ಕುಳಿತಿರುವುದು ಇದಕ್ಕಾಗಿ. 'ಜಿಗಾಂಟಿಯಾ' ಅವನದು, 'ಕಾರ್ನೆಗಿಯಾ' ಅವನದಲ್ಲ.

ಈ ನಿಯಮ ಗಟ್ಟಿಯಾಗುವ ಮೊದಲು ಮನಸ್ಸಿಗೆ ಬಂದಂತೆ ನಡೆಯುತ್ತಿತ್ತು. ಫ್ರಾನ್ಸಿನ ಶಾರ್ಲ್ ಲೆಮೇರ್ ಇದೇ ಗಿಡವನ್ನು ಕೂದಲುಗಳ್ಳಿಗಳ ಪೈಲೊಸೆರಿಯಸ್ ಕುಲಕ್ಕೆ ಸೇರಿಸಿ ಪೈಲೊಸೆರಿಯಸ್ ಎಂಗೆಲ್ಮನ್ನಿ ಎಂದು ಕರೆದ. ಎಂಗೆಲ್ಮನ್ನನಿಗೆ ಗೌರವ ಸಲ್ಲಿಸಲು ಹೋಗಿ ಎಂಗೆಲ್ಮನ್ ಕೊಟ್ಟ ಹೆಸರನ್ನೇ ಕಿತ್ತುಹಾಕಿದಂತಾಯಿತು. ಆ ಹೆಸರು ನಿಲ್ಲಲಿಲ್ಲ.

1908ರಲ್ಲಿ ನ್ಯೂಯಾರ್ಕ್ ಸಸ್ಯೋದ್ಯಾನದ ನಿರ್ದೇಶಕ ನಥಾನಿಯಲ್ ಬ್ರಿಟನ್ ಮತ್ತು ವಾಷಿಂಗ್ಟನ್ನಿನ ಜೋಸೆಫ್ ರೋಸ್ ಸೆರಿಯಸ್ ಎಂಬ ಉಗ್ರಾಣವನ್ನು ಖಾಲಿ ಮಾಡತೊಡಗಿದರು. ಕಂಬವಾಗಿ ನಿಂತ ಮಾತ್ರಕ್ಕೆ ಒಂದೇ ಮನೆಯವರಾಗುವುದಿಲ್ಲ, ಹೂವನ್ನು ಹಣ್ಣನ್ನು ನೋಡಿ ಎಂಬುದು ಅವರ ವಾದ. ಸಹ್ವಾರೊದ ಬಿಳಿ ಹೂ ಕಾಂಡದ ತುದಿಯ ಬಳಿ ಗುಂಪಾಗಿ ರಾತ್ರಿ ಅರಳುತ್ತದೆ, ಮರುದಿನ ಮಧ್ಯಾಹ್ನದವರೆಗೂ ತೆರೆದಿರುತ್ತದೆ. ರಾತ್ರಿ ಬಾವಲಿ, ಬೆಳಿಗ್ಗೆ ಪಾರಿವಾಳ ಮತ್ತು ಜೇನು. ಹಣ್ಣು ಮಾಗಿದಾಗ ಬಿರಿದು ಕೆಂಪು ತಿರುಳು ತೋರಿಸುತ್ತದೆ. ದೂರದಿಂದ ನೋಡಿದವರಿಗೆ ಅದು ಎರಡನೆಯ ಸಲ ಹೂ ಬಿಟ್ಟಂತೆ ಕಾಣುತ್ತದೆ. ಇಂತಹ ಗಿಡಕ್ಕೆ ಸ್ವಂತ ಮನೆ ಬೇಕು ಎಂದು ಅವರು ಹೊಸ ಕುಲ ಕಟ್ಟಿದರು. ಅದರಲ್ಲಿ ಸದಸ್ಯ ಒಂದೇ ಒಂದು.

ಮನೆಗೆ ಇಟ್ಟ ಹೆಸರು ಉಕ್ಕಿನ ಉದ್ಯಮಿ ಆಂಡ್ರೂ ಕಾರ್ನೆಗಿಯದು. ಇದಕ್ಕೆ ಕಾರಣ ಸ್ಪಷ್ಟ. ಅವನು ನ್ಯೂಯಾರ್ಕ್ ಸಸ್ಯೋದ್ಯಾನದ ಆಡಳಿತ ಮಂಡಳಿಯಲ್ಲಿದ್ದ. ಅವನು ಸ್ಥಾಪಿಸಿದ ಸಂಸ್ಥೆಯ ಹಣದಿಂದ 1903ರಲ್ಲಿ ಅರಿಜೋನಾದ ಟೂಸಾನ್ ನಗರದ ಪಕ್ಕದ ಟುಮಾಮಾಕ್ ಗುಡ್ಡದ ಮೇಲೆ ಮರುಭೂಮಿ ಪ್ರಯೋಗಾಲಯ ತೆರೆದಿತ್ತು, ಆ ಗುಡ್ಡದ ತುಂಬ ಸಹ್ವಾರೊಗಳೇ. ಮುಂದೆ 1919ರಿಂದ 1923ರವರೆಗೆ ಬ್ರಿಟನ್ ಮತ್ತು ರೋಸ್ ನಾಲ್ಕು ಸಂಪುಟಗಳಲ್ಲಿ ಇಡೀ ಕುಟುಂಬವನ್ನು ವಿವರಿಸಿದಾಗ ಪ್ರಕಟಿಸಿದ್ದೂ ಅದೇ ಸಂಸ್ಥೆ. ಕೃತಜ್ಞತೆ ಅರ್ಥವಾಗುತ್ತದೆ.

ಹೆಸರಿನ ಬಾಲ ಮಾತ್ರ ಬದಲಾಯಿತು. ಜಿಗಾಂಟಿಯಸ್ ಹೋಗಿ ಜಿಗಾಂಟಿಯಾ ಆಯಿತು. ಲ್ಯಾಟಿನ್ನಿನಲ್ಲಿ ವಿಶೇಷಣ ನಾಮಪದದ ಲಿಂಗವನ್ನು ಹಿಂಬಾಲಿಸುತ್ತದೆ, ಸಂಸ್ಕೃತದ ಸುಂದರಃ, ಸುಂದರೀ, ಸುಂದರಂ ಇದ್ದಂತೆ. ಸೆರಿಯಸ್ ಪುಲ್ಲಿಂಗ, ಕಾರ್ನೆಗಿಯಾ ಸ್ತ್ರೀಲಿಂಗ. ನಪುಂಸಕಲಿಂಗದ ಉದಾಹರಣೆ ನಿಮ್ಮ ಹಿತ್ತಿಲಿನಲ್ಲೇ ಇರಬಹುದು. ಮಳೆಗಾಲದ ರಾತ್ರಿ ಅಕ್ಕಪಕ್ಕದವರನ್ನೆಲ್ಲ ಕರೆದು ತೋರಿಸುವ, ನಾವು ಬ್ರಹ್ಮಕಮಲ ಎನ್ನುವ ಹೂವಿನ ಗಿಡ ಹಿಮಾಲಯದ ಬ್ರಹ್ಮಕಮಲವಲ್ಲ, ಮಧ್ಯ ಅಮೆರಿಕದ ಕಡೆಯ ಒಂದು ಕಳ್ಳಿ. ಅದನ್ನೂ ಮೊದಲು ಸೆರಿಯಸ್ ಉಗ್ರಾಣಕ್ಕೇ ಹಾಕಿದ್ದರು: 1828ರಲ್ಲಿ ಸೆರಿಯಸ್ ಆಕ್ಸಿಪೆಟಾಲಸ್. ಮರುವರ್ಷ ಎಪಿಫಿಲಮ್ ಎಂಬ ನಪುಂಸಕಲಿಂಗದ ಕುಲಕ್ಕೆ ಹೋಗಿ ಎಪಿಫಿಲಮ್ ಆಕ್ಸಿಪೆಟಾಲಮ್ ಆಯಿತು.

ಆದರೆ ಸಹ್ವಾರೊ ಹೆಸರಿಲ್ಲದೆ ಇತ್ತೇ? ಆ ಮರುಭೂಮಿಯಲ್ಲಿ ತಲತಲಾಂತರದಿಂದ ಬಾಳುತ್ತಿರುವ ತೊಹೊನೊ ಓಧಮ್ ಜನ ಅದನ್ನು ಹಾಷಞ್ ಎನ್ನುತ್ತಾರೆ. ಇಂಗ್ಲಿಷ್ ಅಕ್ಷರಗಳಲ್ಲಿ ಚುಕ್ಕೆ, ಅಲೆಗೆರೆ ಸೇರಿಸದೆ ಬರೆಯಲಾಗದ ಈ ಪದ ಕನ್ನಡ ಲಿಪಿಯಲ್ಲಿ ಷಕಾರ, ಞಕಾರಗಳೊಡನೆ ಸಲೀಸಾಗಿ ಕೂರುತ್ತದೆ. ಜೂನ್ ಕೊನೆಯ ಸುಡುಬಿಸಿಲಿನಲ್ಲಿ, ಸತ್ತ ಸಹ್ವಾರೊದ ಒಳಗಿನ ಕಟ್ಟಿಗೆಯ ಒಣ ಪಕ್ಕೆಲುಬುಗಳನ್ನೇ ಜೋಡಿಸಿ ಮಾಡಿದ ಉದ್ದ ಗಳುವಿನಿಂದ ಅವರು ಹಣ್ಣು ಕೆಡವುತ್ತಾರೆ, ರಸ ಕುದಿಸಿ ಪಾಕ ಮಾಡುತ್ತಾರೆ, ಹುದುಗಿಸಿ ಮಳೆ ಕರೆಯುವ ವಿಧಿಯಲ್ಲಿ ಕುಡಿಯುತ್ತಾರೆ. ಅವರ ವರ್ಷ ಆರಂಭವಾಗುವುದೇ ಈ ಕೊಯ್ಲಿನಿಂದ. ಅವರಿಗೆ ಹಾಷಞ್ ಗಿಡವಷ್ಟೇ ಅಲ್ಲ, ಜನ.

ಸಸ್ಯನಾಮದ ನಿಯಮಾವಳಿ 1753ಕ್ಕಿಂತ ಹಿಂದಿನದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಜನಬಳಕೆಯ ಹೆಸರುಗಳಿಗೆ ಅಲ್ಲಿ ಹಕ್ಕಿಲ್ಲ. ಎಲ್ಲೋ ಒಂದು ಕಡೆ ಗೆರೆ ಎಳೆಯಬೇಕು, ಒಪ್ಪುತ್ತೇನೆ. ಆದರೆ ಬಯಸಿದರೆ ಜನರ ಪದವನ್ನೇ ಲ್ಯಾಟಿನ್ ಮಾಡಿಕೊಳ್ಳಲು ಅಡ್ಡಿಯೇನೂ ಇಲ್ಲ. ನಮ್ಮ ಬಸಳೆ ಕುಲದ ಶಾಸ್ತ್ರೀಯ ಹೆಸರು ಬಸೆಲ್ಲಾ, ಮಲಬಾರ್ ತೀರದ ಜನರ ಬಾಯಿಂದ ಬಂದದ್ದು. ಹಾಷಞ್‌ಗೆ ಆ ಭಾಗ್ಯ ದಕ್ಕಲಿಲ್ಲ. ಒಂದು ಗಿಡದ ಜೊತೆ ಒಂದು ಜನಾಂಗ ಇಷ್ಟು ಆಳವಾಗಿ ಬದುಕಿರುವಾಗ ಅದರ ಕುಲಕ್ಕೆ ಉಕ್ಕಿನ ದಾನಿಯ ಹೆಸರಿಟ್ಟದ್ದು ಒಳ್ಳೆಯ ಆಯ್ಕೆ ಎಂದು ನನಗೆ ಅನ್ನಿಸುವುದಿಲ್ಲ.

ಕುಲವನ್ನು ಕಟ್ಟಿದ್ದು ಸರಿಯೇ ಎಂಬ ಜಗಳ ಮುಂದೆ ಬಹಳ ಕಾಲ ನಡೆಯಿತು. ಸಸ್ಯಶಾಸ್ತ್ರಜ್ಞ ಕಾರ್ಲ್ ಶೂಮನ್ 19ನೇ ಶತಮಾನದ ಕೊನೆಗೆ ಇಡೀ ಕುಟುಂಬಕ್ಕೆ 21 ಕುಲಗಳು ಸಾಕೆಂದಿದ್ದ. ಬ್ರಿಟನ್ ಮತ್ತು ರೋಸ್ ಅದನ್ನು 124ಕ್ಕೆ ಏರಿಸಿದರು. ಜರ್ಮನಿಯ ಕರ್ಟ್ ಬಾಕೆಬರ್ಗ್ ಕೈಯಲ್ಲಿ ಅದು 200 ದಾಟಿತು. ಗಿಡಗಳು ಅವೇ, ಒಡೆಯುವವರ ಮತ್ತು ಕೂಡಿಸುವವರ ಮನೋಧರ್ಮ ಬೇರೆ. ಅಮೆರಿಕದ ಲೈಮನ್ ಬೆನ್ಸನ್ ಕೂಡಿಸುವ ಪಕ್ಷದವನು. 1982ರಷ್ಟು ಈಚೆಗೆ ಪ್ರಕಟವಾದ ತನ್ನ ದೊಡ್ಡ ಗ್ರಂಥದಲ್ಲೂ ಅವನು ಈ ಗಿಡವನ್ನು ಸೆರಿಯಸ್ ಜಿಗಾಂಟಿಯಸ್ ಎಂದೇ ಕರೆದ. ಹಾಗಾಗಿ ಹಳೆಯ ಪುಸ್ತಕಗಳಲ್ಲಿ ಎರಡೂ ಹೆಸರು ಕಂಡರೆ ಗಾಬರಿ ಬೇಡ, ಗಿಡ ಒಂದೇ.

ಜಗಳ ಬಗೆಹರಿಯಲು ಹೊಸ ಸಾಕ್ಷಿ ಬೇಕಿತ್ತು. ಅದು ಮೊದಲು ರಸಾಯನಶಾಸ್ತ್ರದಿಂದ ಬಂತು. 1978ರಲ್ಲಿ ಆರ್ಥರ್ ಗಿಬ್ಸನ್ ಮತ್ತು ಕಾರ್ಲ್ ಹೊರಾಕ್ ಮೆಕ್ಸಿಕೋದ ಕಂಬಗಳ್ಳಿಗಳ ಅಂಗಾಂಶ ಮತ್ತು ರಸಾಯನಗಳನ್ನು ಹೋಲಿಸಿದರು. ಒಂದು ಗುಂಪಿನ ಕಾಂಡದಲ್ಲಿ ಟ್ರೈಟರ್ಪೀನ್ ಎಂಬ ಸಂಯುಕ್ತಗಳು, ಸಿಲಿಕಾ ಕಣಗಳು. ಇನ್ನೊಂದರಲ್ಲಿ ಸಾರಜನಕವುಳ್ಳ ಸಂಯುಕ್ತಗಳಾದ ಆಲ್ಕಲಾಯ್ಡ್‌ಗಳು. ಸಹ್ವಾರೊ ಎರಡನೆಯ ಗುಂಪಿನದು. ಅದರಲ್ಲಿರುವ ಒಂದು ಆಲ್ಕಲಾಯ್ಡಿನ ಹೆಸರೇ ಕಾರ್ನೆಗೀನ್.

ನಂತರ ಡಿಎನ್‌ಎ ಬಂತು, ಉಗ್ರಾಣದ ಪ್ರಶ್ನೆ ಮುಗಿಯಿತು. ನಿಜವಾದ ಸೆರಿಯಸ್‌ಗಳು ದಕ್ಷಿಣ ಅಮೆರಿಕದ ಒಂದು ಕವಲಿನವು. ಅವುಗಳ ಸಮೀಪದ ಬಂಧುಗಳಲ್ಲಿ ನೆಲಕ್ಕೆ ಅಂಟಿಕೊಂಡ ಕಲ್ಲಂಗಡಿಯಂತಹ ಮೆಲೊಕ್ಯಾಕ್ಟಸ್ ಇದೆ. ಸಹ್ವಾರೊ ಉತ್ತರದ ಇನ್ನೊಂದು ಕವಲಿನದು. ಮೊಣಕಾಲೆತ್ತರಕ್ಕೂ ಬಾರದ ಎಕಿನೊಸೆರಿಯಸ್ ಅದರ ನೆಂಟ. ಇಷ್ಟೇ ಅಲ್ಲ: ಹಿತ್ತಿಲಿನ ಬ್ರಹ್ಮಕಮಲ ಮತ್ತು ತೋಟದ ಡ್ರ್ಯಾಗನ್ ಹಣ್ಣಿನ ಬಳ್ಳಿ ಕೂಡ, ಸಹ್ವಾರೊದ ಹಾಗೆಯೇ ಕಾಣುವ ದಕ್ಷಿಣದ ಸೆರಿಯಸ್ ಕಂಬಕ್ಕಿಂತ ಸಹ್ವಾರೊಗೆ ಹತ್ತಿರ. ಇದನ್ನು ಓದಿದ ದಿನ ನಾನು ಕುಂಡದ ಬ್ರಹ್ಮಕಮಲದ ಚಪ್ಪಟೆ ಕಾಂಡವನ್ನು ಬಹಳ ಹೊತ್ತು ನೋಡುತ್ತ ನಿಂತಿದ್ದೆ. ಎಂಗೆಲ್ಮನ್ನನ ಕಾಲದಲ್ಲಿ ಮುಖ್ಯವೆನಿಸಿದ ಕಂಬದ ಆಕಾರ, ವಂಶವೃಕ್ಷದಲ್ಲಿ ಬೇರೆ ಬೇರೆ ಕಡೆ ಮತ್ತೆ ಮತ್ತೆ ಹುಟ್ಟಿದ ಉಪಾಯ. ಬೇಲಿಯ ಚದುರಗಳ್ಳಿ ಮತ್ತು ಪಾಪಾಸುಕಳ್ಳಿಯ ಕತೆ ಒಂದೇ ಕುಟುಂಬದೊಳಗೂ ನಡೆದಿದೆ.

ಆದರೆ ತೀರಾ ಹತ್ತಿರದ ದಾಯಾದಿಗಳ ಸಂಬಂಧ ಇನ್ನೂ ಕಗ್ಗಂಟು. 2017ರಲ್ಲಿ ಸಹ್ವಾರೊದ ಜೀನೋಮ್, ಅಂದರೆ ಅದರ ಇಡೀ ಡಿಎನ್‌ಎಯ ಓದು, ಪ್ರಕಟವಾಯಿತು, ಜೊತೆಗೆ ಕಾರ್ಡೋನ್, ಸೆನಿಟಾ ಮುಂತಾದ ನೆರೆಯ ಕಂಬಗಳ್ಳಿಗಳದೂ. ಒಂದು ಜೀನ್ ಹಿಡಿದು ವಂಶವೃಕ್ಷ ಬರೆದರೆ ಒಂದು ಉತ್ತರ, ಇನ್ನೊಂದು ಜೀನ್ ಹಿಡಿದರೆ ಬೇರೆ ಉತ್ತರ. ಅಜ್ಜಿಯ ಪೆಟ್ಟಿಗೆಯಲ್ಲಿ ಎರಡು ಬಗೆಯ ಕಿವಿಯೋಲೆಗಳಿದ್ದವು ಎಂದುಕೊಳ್ಳಿ. ಮಕ್ಕಳು ಬೇರೆ ಮನೆ ಮಾಡುವಾಗ ಪ್ರತಿ ಮನೆಗೂ ಎರಡೂ ಬಗೆ ಹೋದವು, ಮೊಮ್ಮಕ್ಕಳ ಕಾಲಕ್ಕೆ ಒಂದೊಂದು ಮನೆಯಲ್ಲಿ ಒಂದೊಂದು ಬಗೆ ಉಳಿಯಿತು. ಈಗ ಬರೀ ಓಲೆ ನೋಡಿ ಯಾರು ಯಾರಿಗೆ ಹತ್ತಿರ ಎಂದು ಹೇಳಹೊರಟರೆ ತಪ್ಪುತ್ತದೆ. ತಲೆಮಾರುಗಳು ದೀರ್ಘವಾಗಿ, ಕವಲುಗಳು ಬೇಗ ಬೇಗ ಒಡೆದಾಗ ಹೀಗಾಗುವ ಸಂಭವ ಹೆಚ್ಚು. ಮೊದಲ ಹೂವಿಗೇ ದಶಕಗಟ್ಟಲೆ ಕಾಯುವ ಗಿಡಗಳಲ್ಲಿ ಇದು ಸಹಜ. ಹಾಗಾಗಿ ಕಾರ್ನೆಗಿಯಾ ಒಬ್ಬಂಟಿ ಮನೆಯಾಗಿ ಉಳಿದಿದೆ, ನೆರೆಯ ಕುಲಗಳ ಗಡಿಗಳು ಮಾತ್ರ ಆಗಾಗ ಸರಿಯುತ್ತಿವೆ.

ಹೆಸರು ಬದಲಾದಾಗ ಸಸ್ಯಶಾಸ್ತ್ರಜ್ಞರಿಗೆ ಬೇರೆ ಕೆಲಸವಿಲ್ಲವೇ ಎಂದು ಬೇಸರಿಸುವವರನ್ನು ಕಂಡಿದ್ದೇನೆ. ಅವರಿಗೆ ನಾನು ತೋರಿಸುವುದು ಕರ್ನಾಟಕದ ಒಣಭೂಮಿಯಲ್ಲಿ ಈಗ ಕಲ್ಲುಕಂಬಗಳಿಗೆ ಹಬ್ಬಿಸಿ ಬೆಳೆಸುತ್ತಿರುವ ಡ್ರ್ಯಾಗನ್ ಹಣ್ಣನ್ನು. ಬಿಳಿ ತಿರುಳಿನ ತಳಿಯ ಸಸಿ ತಂದರೆ ಹಳೆಯ ಪುಸ್ತಕಗಳಲ್ಲಿ ಹೈಲೊಸೆರಿಯಸ್ ಅಂಡೇಟಸ್ ಎಂದಿರುತ್ತದೆ, ಹೊಸ ಪಟ್ಟಿಗಳಲ್ಲಿ ಸೆಲೆನಿಸೆರಿಯಸ್ ಅಂಡೇಟಸ್ (ಹ್ಯಾವರ್ತ್) ಹಂಟ್ ಎಂದು. ಆವರಣ ಚಿಹ್ನೆಯನ್ನು ಓದಿ: ಇಂಗ್ಲೆಂಡಿನ ಹ್ಯಾವರ್ತ್ 1830ರಲ್ಲಿ 'ಅಂಡೇಟಸ್', ಅಲೆಯಂಚಿನದು, ಎಂದು ಕರೆದ. ಅವನೂ ಇಟ್ಟದ್ದು ಸೆರಿಯಸ್ ಉಗ್ರಾಣದಲ್ಲೇ. 1918ರಲ್ಲಿ ಅದನ್ನು ಅಲ್ಲಿಂದ ಎತ್ತಿ ಹೈಲೊಸೆರಿಯಸ್‌ಗೆ ಸೇರಿಸಿದ್ದು ಇದೇ ಬ್ರಿಟನ್ ಮತ್ತು ರೋಸ್. ಹೈಲೊಸೆರಿಯಸ್‌ಗಳು ಸೆಲೆನಿಸೆರಿಯಸ್ ಕವಲಿನೊಳಗೇ ಬರುತ್ತವೆ ಎಂದು ಡಿಎನ್‌ಎ ತೋರಿಸಿದ ಮೇಲೆ 2017ರಲ್ಲಿ ಡೇವಿಡ್ ಹಂಟ್ ಅದರ ಮನೆ ಬದಲಾಯಿಸಿದ. ಹೊಲದ ಬಳ್ಳಿಯ ಕಾಂಡವನ್ನು ಬೆಳಕಿಗೆ ಹಿಡಿದು ನೋಡಿದರೆ ಹ್ಯಾವರ್ತ್ ಕಂಡ ಆ ಅಲೆಯಂಚು ಇಂದಿಗೂ ಹಾಗೆಯೇ ಕಾಣುತ್ತದೆ.